ಒಂದು ಗುಂಡಿಗೆ ಮೂರು ಯಂತ್ರ

೧೯೮೭ನೆಯ ಇಸವಿ; ನನಗಾಗ ನಲವತ್ತೆಂಟು ವರ್ಷ. ಇಳಕಲ್ಲಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುವುದನ್ನು ಬಿಟ್ಟು, ತಮ್ಮಂದಿರೊಡನೆ ಮನೆತನದ ಸೀರೆ ಅಂಗಡಿಯಲ್ಲಿ ಕುಳಿತು ಕೆಲವು ವರ್ಷಗಳಾಗಿದ್ದವು. ಆದರೂ ನಾನೊಂದು ಮಾತು ಹೇಳಿದರೆ ಇಡೀ ತರಗತಿ ಒಟ್ಟಿಗೆ ಎದ್ದು ನಿಲ್ಲಬೇಕೆಂಬ ಆಸೆ ನನ್ನನ್ನು ಬಿಟ್ಟಿರಲಿಲ್ಲ. ಆ ಆಸೆಯನ್ನು ಕಡೆಗೆ ಈಡೇರಿಸಿದವು ಮೂರು ವಿ.ಸಿ.ಆರ್.ಗಳು.

ಒಂದೇ ಮನೆಗೆ ಮೂರೇಕೆ ಎನ್ನುವಿರಾ? ನಮ್ಮದು ಮೂವರು ಸಹೋದರರ ಕೂಡುಕುಟುಂಬ. ಒಬ್ಬ ಸೊಸೆಗೆ ಸೀರೆ ತಂದರೆ ಮೂವರಿಗೂ ತರಬೇಕು. ಬಣ್ಣ, ದಡಿ, ಸೆರಗು ಎಲ್ಲವೂ ಒಂದೇ ಆಗಿರಬೇಕು. ಈ ನಿಯಮವನ್ನು ರಚಿಸಿದವನೂ ಹಿರಿಯನಾದ ನಾನೇ. ಆದ್ದರಿಂದ ಮುಂಬಯಿಯ ವ್ಯಾಪಾರಿ ಮಿತ್ರನಿಂದ ವಿಡಿಯೋ ಕ್ಯಾಸೆಟ್ ಓಡಿಸುವ ಆ ವಿ.ಸಿ.ಆರ್. ತರಿಸುವಾಗ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಮೂರನ್ನು ತರಿಸಿ ಮೂರು ಕೋಣೆಗಳಿಗೆ ಹಂಚಿದೆ. ತಂತಿಯಿಲ್ಲದ ರಿಮೋಟು! ಕುರ್ಚಿಯಿಂದ ಏಳದೆ ಆಜ್ಞೆ ಮಾಡಬಹುದಾದ ಆ ಕಪ್ಪು ಪಟ್ಟಿಯನ್ನು ನಾನು ಹಿಂದೆ ಬೆತ್ತ ಹಿಡಿಯುತ್ತಿದ್ದ ಗತ್ತಿನಲ್ಲಿಯೇ ಹಿಡಿಯುತ್ತಿದ್ದೆ.

ಅದೇ ಬೇಸಗೆಯಲ್ಲಿ ಮಗಳು ಶಶಿಕಲಾಳ ಮದುವೆಯಾಯಿತು. ಮದುವೆಯ ಕ್ಯಾಸೆಟ್ ಇದ್ದದ್ದು ಒಂದೇ. ಅದರ ಪ್ರತಿಯನ್ನು ಒಯ್ಯಲು ಬಾದಾಮಿಯ ಬೀಗರು ರವಿವಾರ ಸಂಜೆಯ ಬಸ್ಸಿಗೆ ಬರುವವರಿದ್ದರು. ಬೀಗರಿಗೊಂದು, ನಮಗೊಂದು ಪ್ರತಿ ತೆಗೆಯಲೆಂದು ಮುಂಜಾನೆಯೇ ಮೂರೂ ಯಂತ್ರಗಳನ್ನು ಪಡಸಾಲೆಯಲ್ಲಿ ಸಾಲಾಗಿ ಕೂರಿಸಿದೆ. ಮೊದಲನೆಯದು ತೋರಿಸಬೇಕು, ಉಳಿದೆರಡು ಬರೆದುಕೊಳ್ಳಬೇಕು, ಅಪ್ಪಟ ಉಕ್ತಲೇಖನ! ಧ್ವನಿ ಪರೀಕ್ಷೆಗೆಂದು ಕ್ಯಾಸೆಟ್ಟನ್ನು ನನ್ನ ಸ್ವಾಗತ ಭಾಷಣದ ಆರಂಭಕ್ಕೆ ತಂದಿರಿಸಿದೆ. ನಿಜ ಹೇಳಬೇಕೆಂದರೆ ಆ ಪರೀಕ್ಷೆಯನ್ನು ಹಿಂದಿನ ವಾರವೆಲ್ಲ ನಡೆಸಿದ್ದೆ.

‘ಪ್ಲೇ’ ಒತ್ತಿದೆ. ಮೂರೂ ಹೊರಟವು. ‘ಸ್ಟಾಪ್’ ಒತ್ತಿದೆ. ಮೂರೂ ನಿಂತವು. ಎಂಥ ಶಿಸ್ತು! ಹುಮ್ಮಸ್ಸಿನಲ್ಲಿ ಎರಡನೆಯದನ್ನೇ ಗುರಿಯಾಗಿಟ್ಟು ‘ರೆಕಾರ್ಡ್’ ಒತ್ತಿದೆ. ಮೂರರ ನೆತ್ತಿಯ ಮೇಲೂ ಕೆಂಪು ದೀಪ! ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ತುಣುಕನ್ನು ಮುರಿದರೆ ಅದರ ಮೇಲೆ ಬೇರೇನೂ ಮೂಡದೆಂದು ವಿಡಿಯೋದವನು ಹೇಳಿದ್ದನು. ಇಡಿಯಾಗಿರುವುದನ್ನು ಕೈಯಾರೆ ಮುರಿಯುವುದು ನನ್ನ ಜಾಯಮಾನವಲ್ಲ. ಗಾಬರಿಯಲ್ಲಿ ‘ಸ್ಟಾಪ್’ ಯಾವುದೆಂಬುದೇ ಮರೆತು ಸಿಕ್ಕ ಗುಂಡಿಗಳನ್ನೆಲ್ಲ ಹಲವು ನಿಮಿಷ ಒತ್ತಿದೆ. ಕೊನೆಗೆ ನನ್ನ ಕೂಗು ಕೇಳಿ ಅಡುಗೆಮನೆಯಿಂದ ಓಡಿಬಂದ ಹೆಂಡತಿ ಗಿರಿಜೆ ಪ್ಲಗ್ಗನ್ನೇ ಕಿತ್ತಳು.

“ಮಗಳ ಮದವೀನ ಅಳಿಸಿಬಿಟ್ರೇನ್ರಿ? ಬೀಗರಿಗೆ ಏನ್ ಮಾರಿ ತೋರಿಸ್ಲಿ ನಾ?” ಎಂದು ಅಲ್ಲಿಯೇ ಕುಳಿತಳು.

ತಮ್ಮ ಮಹಾಂತೇಶ ಕ್ಯಾಸೆಟ್ಟನ್ನು ಮೊದಲಿಂದ ಓಡಿಸಿ ನೋಡಿದನು.

“ಅಣ್ಣಾ, ತಾಳಿ ಉಳದೈತಿ, ಅಕ್ಕಿಕಾಳು ಉಳದಾವ, ಊಟಾನೂ ಉಳದೈತಿ. ನಿನ್ನ ಭಾಷಣ ಅಷ್ಟ ಹೋಗೇತಿ ನೋಡು.”

“ಅಷ್ಟ ಅಲಾ? ಬಸವಣ್ಣ ಕಾದ!” ಎಂದು ಗಿರಿಜೆ ಕೈಮುಗಿದಳು. ಆ ‘ಅಷ್ಟ’ ಎಂಬ ಮಾತನ್ನು ಇಬ್ಬರೂ ಎಷ್ಟು ಹಗುರಾಗಿ ಆಡಿದರೆಂಬುದನ್ನು ನಾನು ಗಮನಿಸದಿರಲಿಲ್ಲ.

ಆ ಪ್ಲಾಸ್ಟಿಕ್ ತುಣುಕನ್ನು ಮಹಾಂತೇಶ ನನ್ನನ್ನು ಕೇಳದೆಯೇ ಮುರಿದನು. ಆದರೂ ಒಂದೇ ಮಾದರಿಯ ಆ ಮೂರೂ ಒಂದೇ ರಿಮೋಟಿಗೆ ಒಟ್ಟಿಗೆ ಓಡುವ ತೊಂದರೆ ತಪ್ಪಲಿಲ್ಲ. ಎರಡನ್ನು ಗೋಡೆಯ ಕಡೆಗೆ ಮುಖಮಾಡಿ ನಿಲ್ಲಿಸಿದೆ. ತಂಟೆಕೋರರಿಗೆ ನಾನು ಕೊಡುತ್ತಿದ್ದ ಶಿಕ್ಷೆ ಅದು. ಆಜ್ಞೆ ಸುಣ್ಣದ ಗೋಡೆಗೆ ಬಡಿದು ಹಿಂದಿರುಗಿ, ರಿಮೋಟಿನ ಬೆಳಕು ಹಿಡಿಯುವ ಅವುಗಳ ಕಣ್ಣಿಗೇ ತಲಪಿತು. ಸೀರೆ ಹೊದಿಸಿದೆ, ನಮ್ಮ ಅಂಗಡಿಯ ನೇಯ್ಗೆಯನ್ನೂ ಅದು ತೂರಿಹೋಯಿತು.

“ಎದ್ದು ಹೋಗಿ ಬೆರಳೀಲೆ ಒತ್ತಿದ್ರ ಏನಾಕ್ಕೇತ್ರಿ?” ಎಂದಳು ಗಿರಿಜೆ.

“ಹಂಗಾದ್ರ ರಿಮೋಟ್ ಯಾಕ?”

ಅವಳು ಬೀಗರಿಗೆಂದು ಅಮೀನಗಡದಿಂದ ತರಿಸಿದ್ದ ಕರದಂಟನ್ನು ತಟ್ಟೆಗೆ ಸುರಿದಳು. ಖಾಲಿಯಾದ ರಟ್ಟಿನ ಡಬ್ಬಿಗಳನ್ನು ಎರಡು ಯಂತ್ರಗಳ ಕಣ್ಣಿಗೆ ಮುಚ್ಚಿದಳು. ಒತ್ತಿದೆ. ಒಂದೇ ಒಂದು ಓಡಿತು! ನಾನು ಕುರ್ಚಿಯಿಂದ ಜಿಗಿದೆ. ಡಬ್ಬಿ ತೆಗೆ, ಒತ್ತು, ಮುಚ್ಚು ಎಂದು ಅವಳಿಗೆ ಆಜ್ಞಾಪಿಸುತ್ತ, ಮಧ್ಯಾಹ್ನದ ಹೊತ್ತಿಗೆ ಎರಡೂ ಪ್ರತಿಗಳನ್ನು ಸಿದ್ಧಗೊಳಿಸಿದೆ.

ಸಂಜೆ ಬೀಗರು ಬಂದು, ಕರದಂಟು ಮೆಲ್ಲುತ್ತ ಕ್ಯಾಸೆಟ್ ನೋಡಿದರು. ಅಕ್ಕಿಕಾಳಿನ ಅಕ್ಷತೆ ಮುಗಿದು, ತೆರೆಯ ಮೇಲೆ ಮಳೆ ಸುರಿದಂತಾಗಿ, ನೇರವಾಗಿ ಊಟದ ಪಂಕ್ತಿ ಬಂದಿತು. ಕ್ಷಮೆ ಕೋರಲು ನಾನು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಬೀಗಿತ್ತಿ ಗಿರಿಜೆಯ ಕಡೆಗೆ ಬಾಗಿದರು.

“ಬೀಗರು ಶಾಣ್ಯಾರು ನೋಡ್ರಿ. ಆ ಉದ್ದನ ಮಾತು ತಾವ ತಗಸ್ಯಾರ. ಅವತ್ತು ಅನ್ನ ಆರಿ ಹೋಗಿತ್ತು. ಇವತ್ತು ಬಿಸೀದ ಬಂತು!”

ಬೀಗರೊಡನೆ ಬಂದಿದ್ದ ಶಶಿಕಲಾಳೂ ನಕ್ಕಳು. ನಾನು ಸರಿಪಡಿಸಿಕೊಂಡ ಗಂಟಲಿನಿಂದ ಇನ್ನೊಂದು ಕರದಂಟನ್ನು ಇಳಿಸಿದೆ. ನನ್ನ ಭಾಷಣಕ್ಕೆ ಜೀವಮಾನದಲ್ಲಿ ದೊರೆತ ಏಕೈಕ ಮೆಚ್ಚುಗೆ, ಅದು ಇಲ್ಲವಾದುದಕ್ಕಾಗಿ ದೊರೆತದ್ದು. ದಿನಾಂಕ ೧೭ ಮೇ ೧೯೮೭, ರವಿವಾರ.