ನಮ್ಮ ಮಾಳಿಗೆಯ ಡ್ರಮ್ಮಿನ ಮಾಸ್ತರರು

ಮನೆಯ ಮಾಳಿಗೆಯನ್ನು ಬಾಡಿಗೆಗೆ ಕೊಟ್ಟವನು ನಗುವುದಕ್ಕೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ನಗು ತಾನೇ ಮೆಟ್ಟಿಲಿಳಿದು ಬರುತ್ತದೆ. ನಾನು ಹೆಬ್ಬಳ್ಳಿಯ ಸಾಲಿಯಲ್ಲಿ ಏಳನೆಯ ಇಯತ್ತೆ ಮುಗಿಸಿದವನು. ಪೂಜೆ, ಪ್ರಸಾದ, ಸೋಮವಾರದ ಭಜನೆ, ಇಷ್ಟೇ ನನ್ನ ಲೋಕ. ರಾಕ್ ಸಂಗೀತದ ವಿಷಯ ಬರೆಯುವ ಕಾಲ ನನಗೆ ಬಂದೀತೆಂದು ಅಂದುಕೊಂಡಿರಲಿಲ್ಲ. ಸಪ್ತಾಪುರದ ನಮ್ಮ ಮನೆಗೆ ಗಣಿತ ಕಲಿಸುವ ಮಾಸ್ತರರೊಬ್ಬರು ಬಾಡಿಗೆಗೆ ಬಂದರು ನೋಡಿ, ಎಲ್ಲ ಅಲ್ಲಿಂದ.

೧. ಬಾರದ ಸದ್ದು

"ಮೊದಲೇ ಹೇಳಿಬಿಡ್ತೇನ್ರಿ, ನಾನು ರಾಕ್ ಬ್ಯಾಂಡಿನ್ಯಾಗ ಡ್ರಮ್ ಬಾರಸ್ತೇನಿ," ಎಂದರು ಮಾಸ್ತರರು.

"ಹಂಗಾದ್ರ ಮನಿ ಖಾಲಿ ಇಲ್ರಿ," ಎಂದೆ ನಾನು.

ಒಳಗಿನಿಂದ ಮನೆಯಾಕೆ, "ಇಷ್ಟು ಖರೇ ಹೇಳೋ ಬಾಡಿಗಿಯವ್ರು ಮತ್ತ ಎಲ್ಲಿ ಸಿಗ್ತಾರ? ಕೊಡ್ರಿ ಸುಮ್ನ," ಎಂದಳು. ಕೊಟ್ಟೆ. ಕಿವಿಗೆ ಇಟ್ಟುಕೊಳ್ಳಲು ಹತ್ತಿಯನ್ನೂ ತಂದಿಟ್ಟೆ.

ಸದ್ದು ಬರಲೇ ಇಲ್ಲ. ಡ್ರಮ್ಮುಗಳೆಲ್ಲ ಬೆಂಗೇರಿಯ ಒಂದು ಶೆಡ್ಡಿನಲ್ಲಿದ್ದವು. ಮನೆಯಲ್ಲಿ ಅವರು ದಿಂಬಿನ ಮೇಲೆ ರಬ್ಬರಿನ ಹಾಳೆ ಹಾಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ಹದಿನಾರನೆಯ ದಿನ, ನೌಕರಿಯಿಂದ ನಿವೃತ್ತರಾದ ಪಕ್ಕದ ಮನೆಯವರು ಕೆಂಪು ಕಣ್ಣು ಮಾಡಿಕೊಂಡು ಬಂದರು.

"ಆ ಮಾಸ್ತರು ಡ್ರಮ್ ಬಾರಸೋದು ಯಾವಾಗ್ರಿ?"

"ಮನ್ಯಾಗ ಬಾರಸಂಗಿಲ್ರಿ ಅವ್ರು."

"ಬಾರಸಂಗಿಲ್ಲ? ಈಗ ಶುರು ಮಾಡ್ತಾರ, ಆಗ ಶುರು ಮಾಡ್ತಾರ ಅಂತ ಹದಿನೈದು ದಿನದಿಂದ ಮಧ್ಯಾಹ್ನ ನಿದ್ದಿ ಬಂದಿಲ್ಲ ನನಗ. ಒಮ್ಮೆ ಬಾರಿಸಿ ಮುಗಸಾಕ ಹೇಳ್ರಿ!"

೨. ಅತಿಥಿಗಳ ಸನ್ಮಾನ

ಧಾರವಾಡದ ಕಾಲೇಜೊಂದರ ಬಯಲಿನಲ್ಲಿ ಸಂಜೆಯ ಕಾರ್ಯಕ್ರಮ. ಮಾಸ್ತರರು ಕರೆದರು, ಗಂಡ ಹೆಂಡತಿ ಹೋದೆವು. ಮುಂದೆ ಹಾಡುವವ, ಪಕ್ಕಕ್ಕೆ ಗಿಟಾರಿನವ, ಎಲ್ಲರ ಹಿಂದೆ ನಮ್ಮ ಮಾಸ್ತರರು. ತಲೆ ಕುಣಿಸಲಿಲ್ಲ, ಕೈ ಎತ್ತಲಿಲ್ಲ. ಹಾಡುವವನ ಮೇಲೆ ಕಣ್ಣಿಟ್ಟು, ಬೇಕಾದಷ್ಟೇ ಬಾರಿಸಿದರು. ನನಗೆ ನಮ್ಮ ಹೊಲದಲ್ಲಿ ಕೂರಿಗೆ ಹಿಡಿದು ಬಿತ್ತುವವನ ನೆನಪಾಯಿತು. ಸಾಲು ನೆಟ್ಟಗೆ ಬಂದರೆ ಎಲ್ಲರೂ ಬೆಳೆ ನೋಡುತ್ತಾರೆ. ಕೂರಿಗೆಯವನನ್ನು ಯಾರು ಕೇಳುತ್ತಾರೆ?

ಆಮೇಲೆ ಇನ್ನೊಂದು ಬ್ಯಾಂಡು ಬಂತು. ಅದರ ಡ್ರಮ್ಮಿನವ ಕೋಲುಗಳನ್ನು ಬೆರಳಲ್ಲೇ ತಿರುಗಿಸಿದ, ಎದ್ದು ನಿಂತ, ಒಂದನ್ನು ಆಕಾಶಕ್ಕೆ ಎಸೆದ. ಅದು ಮರಳಿ ಅವನ ಕೈಗೆ ಬರಲಿಲ್ಲ; ಮುಂದಿನ ಸಾಲಿನ ಮುಖ್ಯ ಅತಿಥಿಗಳ ತೊಡೆಯ ಮೇಲೆ ಬಿತ್ತು. ಅವರು ಎದ್ದು ನಿಂತು, ಕೋಲನ್ನು ಕಣ್ಣಿಗೊತ್ತಿಕೊಂಡು, ಸಭೆಗೆ ಕೈಮುಗಿದರು. ಜನ ಚಪ್ಪಾಳೆಯೋ ಚಪ್ಪಾಳೆ.

ನಮ್ಮ ಮಾಸ್ತರರ ಬ್ಯಾಂಡಿನ ಗಿಟಾರಿನವ ಅಲ್ಲಿಯೇ ಅವರಿಗೆ ಅಂದ: "ನಮಗೂ ಇಂಥಾ ಜೋರಿನವ ಬೇಕಪಾ. ಬರೋ ಆದಿತ್ಯವಾರ ಇವನ್ನ ಕರಸಿ ನೋಡ್ತೇವಿ. ಹೊಂದಿದ್ರ ನೀ ಜಾಗ ಬಿಡಬೇಕಾಗ್ತದ."

"ಹಾಡಿಗೆ ಛಲೋ ಆಗೋದಾದ್ರ ಕರಸ್ರಿ," ಎಂದರು ಮಾಸ್ತರರು. ಮುಖ ಮಾತ್ರ ಸಣ್ಣಗಾಗಿತ್ತು. ಏಳು ವರ್ಷದ ಬ್ಯಾಂಡು ಅದು, ಅವರೇ ಕಟ್ಟಿದ್ದು.

ಅತಿಥಿಗಳು ಆ ಒಂದೇ ಕೋಲನ್ನು ಶಾಲಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದರು.

೩. ಸೋಮವಾರದ ಭಜನೆ

ಆ ಸೋಮವಾರ ನಮ್ಮ ಭಜನೆಯ ತಬಲಾದವನಿಗೆ ಜ್ವರ. ಮಾಸ್ತರರು ಕೆಳಗಿಳಿದು ಬಂದು ತಬಲಾ-ಡಗ್ಗಾದ ಮುಂದೆ ಕೂತರು.

ನನ್ನ ಹಾಡುಗಾರಿಕೆಯ ಗುಣ ಹೇಳಬೇಕು. ಪಲ್ಲವಿಯಲ್ಲಿ ಓಡುತ್ತೇನೆ, ಭಕ್ತಿ ಉಕ್ಕಿದ ಕಡೆ ಕಣ್ಣು ಮುಚ್ಚಿ ನಿಂತೇ ಬಿಡುತ್ತೇನೆ. ತಬಲಾದವ ಶಿವನಾಮದ ನಡುವೆಯೇ, "ಕಾಕಾ, ತಾಳ! ತಾಳ!" ಎಂದು ಒದರುವುದು ವಾಡಿಕೆ. ಅಂದು ಯಾರೂ ಒದರಲಿಲ್ಲ. ನಾನು ಓಡಿದಾಗ ಡಗ್ಗಾ ಬೆನ್ನಿಗೆ ಬಂತು, ನಿಂತಾಗ ಪಕ್ಕದಲ್ಲೇ ನಿಂತಿತು.

"ಹೆಂಗ ಹೊಂದಿಸಿದ್ರಿ ಮಾಸ್ತರ?" ಎಂದು ಕೇಳಿದೆ.

"ನೀವು ಎಲ್ಲಿ ಉಸಿರು ತಗೋತೀರಿ ಅಂತ ನೋಡಿದೆ. ಅಷ್ಟರಿ."

ಮಂಗಳಾರತಿ ಆದ ಮೇಲೆ ಮನೆಯಾಕೆ, "ಇವತ್ತ ಭಾಳ ಛಲೋ ಹಾಡಿದ್ರಿ," ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಇದೇ ಮೊದಲು. ನಾನು ಉಬ್ಬಿ, "ಖರೇನ?" ಎಂದೆ.

"ಖರೇನ. ಆ ತಬಲಾದವಗ ಇನ್ನೊಂದು ನಾಲ್ಕು ಸೋಮವಾರ ಜ್ವರ ಬರಲಿ."

೪. ಬೆಂಗೇರಿಯ ಪರೀಕ್ಷೆ

ಆದಿತ್ಯವಾರ ಬಂತು. ಕೋಲು ಎಸೆದ ಆ ಜೋರಿನವ ತನ್ನ ಡ್ರಮ್ಮು ತರುವುದಿಲ್ಲವಂತೆ, ಮಾಸ್ತರರದ್ದನ್ನೇ ಬಾರಿಸುತ್ತಾನಂತೆ. ಅದನ್ನು ಜೋಡಿಸಿಕೊಡಲು ಮಾಸ್ತರರೇ ಹೊರಟಿದ್ದರು.

"ನಿಮ್ಮ ಮದವಿ ಬಾಸಿಂಗ ಇನ್ನೊಬ್ಬಗ ಕಟ್ಟಾಕ ಹೊಂಟೀರೇನ್ರಿ?" ಎಂದು ಸಿಟ್ಟಿನಿಂದಲೇ ಅವರ ಗಾಡಿಯ ಹಿಂದೆ ಕೂತೆ.

ಗಿರಣಿಯ ಪಕ್ಕದ ಶೆಡ್ಡು. ಮಾಸ್ತರರು ಎಲ್ಲ ಜೋಡಿಸಿ, ಸ್ಟೂಲನ್ನೂ ಒರೆಸಿಕೊಟ್ಟು ಮೂಲೆಗೆ ನಿಂತರು. ಜೋರಿನವ ಶುರು ಮಾಡಿದ. ತಗಡಿನ ಮಾಡು ಅದುರಿತು. ಗಿಟಾರಿನವನ ಮುಖ ಅರಳಿತು. ಮುಗಿಯಿತು ನಮ್ಮ ಮಾಸ್ತರರ ಋಣ ಎಂದುಕೊಂಡೆ.

ಎರಡನೆಯ ನುಡಿ ಬಂತು ನೋಡಿ, ಎತ್ತು ಏರಿಗೆ, ಕೋಣ ನೀರಿಗೆ! ಹಾಡುವವ ಪಲ್ಲವಿಗೆ ಹೋಗಿದ್ದ, ಡ್ರಮ್ಮು ಇನ್ನೂ ನುಡಿಯಲ್ಲಿತ್ತು, ಗಿಟಾರು ನಡುವೆ ಸಿಕ್ಕು ಒದ್ದಾಡಿತು. ಮತ್ತೆ ಶುರು ಮಾಡಿದರು. ಮತ್ತೆ ಅಲ್ಲೇ ಬಿದ್ದರು. ಮೂರನೆಯ ಸಲ ಜೋರಿನವ ಕೋಲು ಇಟ್ಟು, "ಏ ಮಾರಾಯ, ಬರದುಕೊಟ್ಟ ಹಾಡಿನ್ಯಾಗಿಂದು ನಡಕ ಒಂದು ಸಾಲು ನುಂಗಾಕತ್ತೀಯಲ್ಲ!" ಎಂದು ಹಾಡುವವನಿಗೆ ಅಂದ.

"ನಾನ? ಏಳು ವರ್ಷ ಹಿಂಗ ಹಾಡೇನಿ. ಒಮ್ಮೆರೆ ತಪ್ಪೇತೇನು?"

ಗಿಟಾರಿನವ ಬರೆದಿಟ್ಟ ಹಾಡು ತೆಗೆದು ನೋಡಿದ. ಸಾಲು ಇತ್ತು. ಎಲ್ಲರೂ ಮೂಲೆಯ ಕಡೆ ತಿರುಗಿದರು.

"ಅವ ಸಾಲು ಬಿಟ್ಟಾಗೆಲ್ಲ ನೀ ಒಂದು ಪೆಟ್ಟು ಒತ್ತಿ ಹಾಕತಿದ್ದಿ," ಎಂದ ಗಿಟಾರಿನವ ಮೆಲ್ಲಗೆ. "ಆ ಪೆಟ್ಟು ಕೇಳಿ ನಾ ಪಲ್ಲವಿಗೆ ಬರತಿದ್ದೆ. ಹಾಡು ಇರೋದ ಹಂಗ ಅಂತ ತಿಳಿದಿದ್ದೆ. ಹೌದಿಲ್ಲ?"

"ಹೌದು," ಎಂದರು ಮಾಸ್ತರರು.

ಜೋರಿನವ ತಾನಾಗಿಯೇ ಸ್ಟೂಲಿನಿಂದ ಎದ್ದ. "ಇದು ನನ್ನ ಕೈಲೆ ಆಗೋದಲ್ರಿ," ಎಂದು ಕೋಲುಗಳನ್ನು ಮಾಸ್ತರರ ಕೈಗೆ ಕೊಟ್ಟ. ಹಾಡುವವನಿಗೆ ಅಳು ಬರುವುದೊಂದು ಬಾಕಿ.

"ಏಳು ವರ್ಷದಾಗ ಒಂದು ಮಾತು ನನಗ ಹೇಳಬಾರದಿತ್ತೇನಪಾ?"

ಮಾಸ್ತರರು ಸ್ಟೂಲಿನ ಮೇಲೆ ಕೂತು, ಎತ್ತರ ಸರಿ ಮಾಡಿಕೊಂಡು ಅಂದರು: "ಹೇಳಿದ್ರ ನೀ ಅಂಜಿ ಎರಡು ಸಾಲು ಬಿಡತಿದ್ದಿ."