ಶ್ರೇಣಿಕ ಮಹಾರಾಜ ಮಗಳ ಶಾಲೆಗೆ ಹೋದದ್ದು

ನಮ್ಮ ಮನೆಯಲ್ಲಿ ಕನ್ನಡದಲ್ಲಿ ಹೊರಟ ಮಾತು ಮಗಳ ಬಾಯಲ್ಲಿ ಇಂಗ್ಲಿಷಾಗಿ ಹೊರಬೀಳುವಷ್ಟರಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಸಾಮಾನ್ಯವಾಗಿ ನಕ್ಕು ಸುಮ್ಮನಾಗುತ್ತೇವೆ. ಹೋದ ಡಿಸೆಂಬರಿನಲ್ಲಿ ಮಾತ್ರ ನಗು ಬರಲಿಕ್ಕೆ ಎರಡು ದಿನ ಹಿಡಿಯಿತು.

ನಾಲ್ಕು ಗಂಟೆಯ ಸೂರ್ಯ

ಮಾವ ಮೈಸೂರಿನಿಂದ ಮೂರು ತಿಂಗಳ ಮಟ್ಟಿಗೆ ಐರ್ಲೆಂಡಿನ ಕ್ಲಾಂಡಾಲ್ಕಿನ್‌ನ ನಮ್ಮ ಮನೆಗೆ ಬಂದರು. ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಮಾವ ಒಂದು ತುತ್ತೂ ಮುಟ್ಟುವುದಿಲ್ಲ. ಬಂದ ದಿನ ಸುಸ್ತಾಗಿ ಮಧ್ಯಾಹ್ನ ಮಲಗಿದವರು ಎದ್ದಾಗ ನಾಲ್ಕೂವರೆ, ಹೊರಗೆ ಕತ್ತಲೆ. ನಾನು ಚಪಾತಿ, ಪಲ್ಯ ಬಡಿಸಿಟ್ಟು ಕಾಯುತ್ತಿದ್ದೆ. ಅವರು ಕಿಟಕಿ ನೋಡಿದರು, ಗಡಿಯಾರ ನೋಡಿದರು, ತಟ್ಟೆ ನೋಡಿದರು. ನನ್ನ ಗಂಡ ಸಮಾಧಾನ ಮಾಡಲು ಹೋಗಿ, ಜೂನ್‌ನಲ್ಲಾದರೆ ಇಲ್ಲಿ ಹತ್ತರವರೆಗೂ ಬೆಳಕಿರುತ್ತೆ ಅಂದ.

"ಟಿಕೆಟ್ ಮಾಡಿಸುವಾಗ ಸ್ವೆಟರ್ ವಿಷಯ ಹೇಳ್ದೆ, ಇದನ್ನ ಹೇಳ್ಲಿಲ್ವಲ್ಲ," ಅಂದು ಮಾವ ಮತ್ತೆ ಹೋಗಿ ಮಲಗಿದರು.

ತುರುಬು

ಚಳಿಗೆ ಹೊರಗೆ ಹೋಗಲಾಗದೆ ಮಾವ ಕೋಣೆಯ ಬಾಗಿಲು ಹಾಕಿಕೊಂಡು ಆರು ವರ್ಷದ ಮೊಮ್ಮಗಳಿಗೆ ಶ್ರೇಣಿಕನ ಕತೆ ಹೇಳತೊಡಗಿದರು. ಬೌದ್ಧರು ಬಿಂಬಿಸಾರ ಅನ್ನುವ ಮಗಧದ ರಾಜನೇ ನಮ್ಮ ಶ್ರೇಣಿಕ. ಸಿಂಹಾಸನದ ಆಸೆಗೆ ಮಗ ಕೂಣಿಕ ಅವನನ್ನು ಸೆರೆಯಲ್ಲಿಟ್ಟು ಊಟ ನಿಲ್ಲಿಸಿದ. ರಾಣಿ ಚೇಲನಾ ತುರುಬಿನಲ್ಲಿ ತಿನಿಸು ಬಚ್ಚಿಟ್ಟುಕೊಂಡು ಹೋಗಿ ಗಂಡನ ಜೀವ ಉಳಿಸುತ್ತಿದ್ದಳು.

ಒಂದು ಬೆಳಿಗ್ಗೆ ಶಾಲೆಯಿಂದ ಫೋನ್ ಬಂತು. ಇಬ್ಬರೂ ಬನ್ನಿ, ಎಲ್ಲ ಗ್ರ್ಯಾಂಡ್ ಅಂದರು ಟೀಚರ್; ಇಲ್ಲಿಯವರ ಮಾತಿನಲ್ಲಿ ಗ್ರ್ಯಾಂಡ್ ಅಂದರೆ ಚಿಂತೆಯಿಲ್ಲ ಅಂತ. ಮೂರನೇ ಸಲ ಗ್ರ್ಯಾಂಡ್ ಅಂದ ಮೇಲೆ ನಾನು ಗಂಡನಿಗೆ ರಜೆ ಹಾಕಲು ಹೇಳಿದೆ.

ಹೋದರೆ ಪ್ರಿನ್ಸಿಪಾಲರೂ ಕೂತಿದ್ದಾರೆ, ಮೇಜಿನ ಮೇಲೆ ನಮ್ಮ ಕಡೆಗೆ ಸರಿಸಿಟ್ಟ ಟಿಶ್ಯೂ ಡಬ್ಬ. ಟೀಚರ್ ಮಗಳ ಪುಸ್ತಕ ತೆಗೆದು 'ನಮ್ಮ ತಾತ' ಅನ್ನುವ ಪುಟ ಓದಿದರು. ತಾತ ನಮ್ಮ ಮನೆಯಲ್ಲಿದ್ದಾರೆ. ನಾಲ್ಕು ಗಂಟೆ ಆದ ಮೇಲೆ ತಾತನಿಗೆ ಊಟ ಇಲ್ಲ. ಮಗ ಅಪ್ಪನನ್ನು ಕೂಡಿಹಾಕಿದ. ಅಮ್ಮ ಕೂದಲಲ್ಲಿ ಊಟ ಬಚ್ಚಿಟ್ಟುಕೊಂಡು ಹೋಗಿ ಕೊಡುತ್ತಾಳೆ.

ಗಂಡ ಇದು ಎರಡೂವರೆ ಸಾವಿರ ವರ್ಷ ಹಳೆಯ ರಾಜನ ಕತೆ ಅಂತ ವಿವರಿಸಿದ. ನಾಲ್ಕು ಗಂಟೆಯ ಮೇಲೆ ಊಟ ಇಲ್ಲದ್ದೂ ಹಳೆಯ ಕತೆಯೇನು ಅಂತ ಪ್ರಿನ್ಸಿಪಾಲರು ಕೇಳಿದರು. ಅದು ಮಾತ್ರ ನಿಜ ಅಂದ. ತಾತನ ಬಾಯಿಂದಲೇ ಕೇಳಬೇಕು, ನಿಯಮ ಹಾಗಿದೆ ಅಂದರು. ನಾವು ಈ ದೇಶದಲ್ಲಿರುವ ಪರ್ಮಿಟ್‌ನ ರಿನ್ಯೂವಲ್ ಅದೇ ತಿಂಗಳಿತ್ತು, ದೂರು ದಾಖಲಾದರೆ ಅದಕ್ಕೇ ಕುತ್ತು. ಅಷ್ಟು ಹೊತ್ತೂ ಟೀಚರ್ ನನ್ನ ತುರುಬನ್ನೇ ನೋಡುತ್ತಿದ್ದರು. ನನ್ನ ಕೈ ತಾನಾಗೇ ಅಲ್ಲಿಗೆ ಹೋಯಿತು. ಅವರು ಅದನ್ನೂ ಬರೆದುಕೊಂಡರು.

ಮಾವನ ಹೇಳಿಕೆ

ಮಾರನೆಯ ದಿನ ಗಂಡನನ್ನು ಹೊರಗೆ ಕೂರಿಸಿದರು. ಬಾಯಿ ಹಾಕಬಾರದು ಅನ್ನುವ ಷರತ್ತಿನ ಮೇಲೆ ನನ್ನನ್ನು ಒಳಗೆ ಬಿಟ್ಟರು. ಮಾವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಆದರೆ ನಾವು ಗಾಬರಿಯಾದಾರು ಅಂತ ಅವರಿಗೆ ಹೇಳಿದ್ದು ಒಂದೇ: ಶಾಲೆಯವರು ಶ್ರೇಣಿಕನ ವಿಷಯ ಕೇಳಬೇಕಂತೆ.

ಕತ್ತಲಾದ ಮೇಲೆ ಉಣ್ಣದಿರುವುದು ತಮ್ಮದೇ ವ್ರತ ಅಂತ ಮಾವ ಮೊದಲೇ ಹೇಳಿದರು. ಅಪ್ಪನನ್ನು ಕೂಡಿಹಾಕಿದ ಮಗನ ಮೇಲೆ ನಿಮಗೆ ಕೋಪವಿಲ್ಲವೇ ಅಂತ ಪ್ರಿನ್ಸಿಪಾಲರು ಮೆತ್ತಗೆ ಕೇಳಿದರು. ಮಾವನಿಗೆ ಖುಷಿಯೋ ಖುಷಿ. ಇಲ್ಲ, ಅದೆಲ್ಲ ಹಿಂದಿನ ಜನ್ಮದ ಕರ್ಮ, ಕೊನೆಗೆ ಮಗನಿಗೇ ಪಶ್ಚಾತ್ತಾಪವಾಗಿ ಕೊಡಲಿ ಹಿಡಿದು ಓಡಿ ಬಂದ ಅಂದರು.

ಪ್ರಿನ್ಸಿಪಾಲರ ಪೆನ್ನು ನಿಂತಿತು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಬೇಡಿ ಕಡಿಯೋಕೆ ಬಂದದ್ದು, ಆದರೆ ಅಪ್ಪ ತಪ್ಪು ತಿಳಿದು ವಿಷ ತಗೊಂಡುಬಿಟ್ಟ ಅಂತ ಮಾವ ನಿಟ್ಟುಸಿರಿಟ್ಟರು.

"ಆಮೇಲೆ?" ಅಂದರು ಪ್ರಿನ್ಸಿಪಾಲರು.

"ಆಮೇಲೇನು, ಸತ್ತ."

ಪ್ರಿನ್ಸಿಪಾಲರು ಎದುರಿಗೆ ಕೂತಿದ್ದ ಮಾವನನ್ನು ಮಂಕಿ ಕ್ಯಾಪಿನಿಂದ ಬೂಟಿನವರೆಗೆ ಒಮ್ಮೆ ನೋಡಿದರು. ಆಮೇಲೆ ಅವರಿಗೆ ನಗು ತಡೆಯಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ, ಹಾಗಾದರೆ ಆ ರಾಜ ಈಗೆಲ್ಲಿದ್ದಾನೆ ಅಂದರು.

"ಸದ್ಯಕ್ಕೆ ಮೊದಲನೇ ನರಕದಲ್ಲಿ," ಅಂದರು ಮಾವ, ಗಂಭೀರವಾಗಿ. "ಅಲ್ಲಿಂದ ಬಂದ ಮೇಲೆ ತೀರ್ಥಂಕರ ಆಗ್ತಾನೆ."

ಪ್ರಿನ್ಸಿಪಾಲರು ಫೈಲು ಮುಚ್ಚಿದರು. "ನರಕ ನಮ್ಮ ಶಾಲೆಯ ವ್ಯಾಪ್ತಿಗೆ ಬರೋದಿಲ್ಲ. ನೀವಿನ್ನು ಹೊರಡಬಹುದು."