ಮುಕ್ಕಾಲು ಗಂಟೆಯ ವಿಮಾನ ಯುದ್ಧ

ನಮ್ಮ ಮಾವನಷ್ಟು ನಿಧಾನವಾಗಿ ವಿಮಾನ ಹಾರಿಸುವ ಮನುಷ್ಯ ಇಡೀ ಹಾನಗಲ್ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ನಿಜವಾದ ವಿಮಾನದ ಮೆಟ್ಟಿಲನ್ನು ಅವರು ಇವತ್ತಿನವರೆಗೂ ತುಳಿದಿಲ್ಲ, ಆ ಮಾತು ಬೇರೆ! ಆದರೆ ಅಕ್ಕಿಆಲೂರಿನ ತಮ್ಮ ಮನೆಯ ಪಡಸಾಲೆಯಲ್ಲಿ, ಊಟದ ಮೇಜಿನ ಮೇಲೆ, ಯುಗಾದಿಯ ಮರುವಾರ ಅವರು ಹಾರಿಸಿದ ವಿಮಾನ ದೀಪಾವಳಿಯ ಹೊತ್ತಿಗೂ ಕೆಳಗೆ ಇಳಿದಿರಲಿಲ್ಲ ಎಂದರೆ ನೀವು ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಕಣ್ಣಾರೆ ಕಂಡು ತೆರೆದ ಬಾಯಿಯನ್ನು ಇನ್ನೂ ಪೂರ್ತಿ ಮುಚ್ಚಲಾಗಿಲ್ಲ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಅಕ್ಕಿ ಗಿರಣಿ ನಡೆಸಿ, ಈಗ ಅದನ್ನು ಮಗನ ಕೈಗೆ ಒಪ್ಪಿಸಿ ಕುಳಿತವರು. ಅವರಲ್ಲಿ ಸೋಮಾರಿತನ ಇಲ್ಲವೇ ಇಲ್ಲ. ಗೊತ್ತಿಲ್ಲದ್ದು ಅವಸರ! ಸಂತೆಗೆ ಹೋಗಿ ಎಣ್ಣೆಗಾಯಿಗೆ ಬದನೆಕಾಯಿ ಆರಿಸಲು ಕುಳಿತರೆ, ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು, ತೊಟ್ಟು ತಿರುಗಿಸಿ, ಕಿವಿಯ ಹತ್ತಿರ ತಂದು ಏನನ್ನೋ ಕೇಳಿಸಿಕೊಳ್ಳುತ್ತಾರೆ. ಒಮ್ಮೆ ಮಾರುವ ಹೆಂಗಸು, "ಯಜಮಾನ್ರ, ನೀವು ಹೆಂಗೂ ಇಲ್ಲೇ ಇರ್ತೀರಿ, ಸ್ವಲ್ಪ ಅಂಗಡಿ ನೋಡ್ಕೋರಿ, ನಾ ಉಂಡು ಬರ್ತೇನಿ" ಎಂದು ಎದ್ದು ಹೋದಳಂತೆ. ಅವಳು ಉಂಡು, ಎಲೆ-ಅಡಿಕೆ ಹಾಕಿಕೊಂಡು, ಊರಿನವರನ್ನೆಲ್ಲ ಮಾತನಾಡಿಸಿ ವಾಪಸು ಬಂದಾಗ ಮಾವ ನಾಲ್ಕನೆಯ ಬದನೆಕಾಯಿಯ ಕುರಿತು ಆಲೋಚಿಸುತ್ತಿದ್ದರು!

ಅತ್ತೆಯ ದೂರು ಇನ್ನೂ ಹಳೆಯದು. "ನನ್ನ ನೋಡಾಕ ಬಂದಾಗ ಹೂಂ ಅನ್ನಾಕ ಇವ್ರು ಎಷ್ಟ ಹೊತ್ತ ತಗೊಂಡ್ರು ಗೊತ್ತೇನವ್ವಾ? ಅಷ್ಟ್ರಾಗ ನಮ್ಮಪ್ಪ ಬ್ಯಾರೆ ಎರಡ ವರಾ ನೋಡಿ ಬಂದಿದ್ದ!"

ಇಂಥವರ ಕೈಗೆ ವಿಮಾನ ಯುದ್ಧದ ಆಟ ಕೊಟ್ಟವಳು ನಾನೇ. ನಾನು ಶಿಗ್ಗಾಂವಿಯಲ್ಲಿ ಕಾಲೇಜಿನ ಉಪನ್ಯಾಸಕಿ. ಮಕ್ಕಳು ಮೊಬೈಲು ಬಿಡಲಿ ಎಂದು ಹುಬ್ಬಳ್ಳಿಯಿಂದ ಒಂದು ಡಬ್ಬಿ ತಂದಿದ್ದೆ. ಒಳಗೆ ಆಕಾಶದ ಚಿತ್ರವಿದ್ದ ದೊಡ್ಡ ಹಾಸು, ಅದರ ಮೇಲೆ ಜೇನುಗೂಡಿನಂಥ ಮನೆಗಳು, ಬೆರಳುದ್ದದ ಎರಡು ವಿಮಾನ, ಒಂದಿಷ್ಟು ಕಾರ್ಡು, ದಾಳ. ಇಬ್ಬರೂ ಗುಟ್ಟಾಗಿ ಎಡಕ್ಕೋ ಬಲಕ್ಕೋ ಮೇಲಕ್ಕೋ ಎಂದು ಕಾರ್ಡು ಆರಿಸಬೇಕು, ಒಟ್ಟಿಗೇ ತೆರೆದು ತೋರಿಸಬೇಕು, ವಿಮಾನ ಸರಿಸಬೇಕು. ಎದುರಾಳಿ ಗುರಿಗೆ ಸಿಕ್ಕರೆ ದಾಳ ಉರುಳಿಸಿ ಗುಂಡು ಹಾರಿಸಬೇಕು. ಅಷ್ಟೇ! ಡಬ್ಬಿಯ ಮೇಲೆ ಆಟದ ಅವಧಿ ಮುಕ್ಕಾಲು ಗಂಟೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅಚ್ಚು ಹಾಕಿದವರಿಗೆ ನಮ್ಮ ಮಾವನ ಪರಿಚಯವಿರಲಿಲ್ಲ, ಪಾಪ.

ಮಕ್ಕಳು ಎರಡೇ ದಿನಕ್ಕೆ ಅದನ್ನು ಮೂಲೆಗೆ ಹಾಕಿದ್ದರಿಂದ, ಒಂದು ಭಾನುವಾರ ಅಕ್ಕಿಆಲೂರಿಗೆ ಹೊತ್ತೊಯ್ದೆ. ಬೆಳಗಿನ ಉಪ್ಪಿಟ್ಟಿನ ಮೇಲೆ ಶುರುಮಾಡಿ, ಒಂದು ಕೈ ಆಡಿ, ಅತ್ತೆಗೆ ಅಡುಗೆಯಲ್ಲಿ ನೆರವಾಗುವುದು ನನ್ನ ಲೆಕ್ಕಾಚಾರ. ಮಾವ ನಿಯಮಗಳನ್ನೆಲ್ಲ ಕೇಳಿ, ಮೊದಲ ಕಾರ್ಡಿಗೆ ಕೈಹಾಕಿದವರು ಹಾಗೇ ನಿಂತರು.

"ಗಾಳಿ ಯಾವ ಕಡಿಂದ ಬೀಸಾಕತ್ತೈತಿ?"

"ಇದರಾಗ ಗಾಳಿ ಇಲ್ರಿ ಮಾವಾ. ಇದು ಆಟ."

"ಗಾಳಿ ಇಲ್ದ ವಿಮಾನ ಹಾರತೈತೇನ ತಂಗಿ? ನೀ ಕಾಲೇಜಿನ್ಯಾಗ ಕಲಸಾಕಿ, ನೀನ ಹೇಳು."

ಅವರು ಎದ್ದು ಅಂಗಳಕ್ಕೆ ಹೋಗಿ, ನೆರೆಮನೆಯ ತೆಂಗಿನ ಗರಿ ನೋಡಿ ಬಂದು, ಗಾಳಿ ಪಡುವಣದ್ದೆಂದು ತೀರ್ಮಾನಿಸಿದರು. ಅವಸರಪಡಿಸೋಣವೆಂದು ನಾನೊಂದು ಉಪಾಯ ಹೂಡಿದೆ. "ಮಾವಾ, ನಿಜವಾದ ಯುದ್ಧದಾಗ ಈ ಒಂದ ಪಾಳಿ ಅಂದ್ರ ಒಂದೆರಡ ಸೆಕೆಂಡ ಅಷ್ಟರಿ. ಪೈಲಟ್ ಅಷ್ಟ್ರಾಗ ಎಲ್ಲಾ ನಿರ್ಧಾರ ಮಾಡ್ತಾನ."

ಮಾವ ಗಾಬರಿಯಿಂದ ನನ್ನ ಮುಖ ನೋಡಿದರು. "ಎರಡ ಸೆಕೆಂಡ? ಪಾಪ, ಜೀವದ ಪ್ರಶ್ನಿ, ಅಂವಗ ವಿಚಾರ ಮಾಡಾಕ ಅಷ್ಟ ಹೊತ್ತು! ಹಂಗಾರ ಅಂವನ ಪರವಾಗಿ ನಾವರೆ ಸಾವಕಾಶ ವಿಚಾರ ಮಾಡಬ್ಯಾಡೇನು?"

ಮುಗಿಯಿತು! ಆವತ್ತು ಮಧ್ಯಾಹ್ನದ ಊಟವನ್ನು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಮಾಡಿದೆವು, ಸಂಜೆಯ ಚಹಾ ಕಿಟಕಿಯ ಕಟ್ಟೆಯ ಮೇಲಿಟ್ಟು ಕುಡಿದೆವು. ಶಿಗ್ಗಾಂವಿಯ ಕೊನೆಯ ಬಸ್ಸು ಹೋಯಿತು. ನಮ್ಮ ವಿಮಾನಗಳು ಇನ್ನೂ ಒಂದರ ಮುಖ ಒಂದು ನೋಡಿರಲಿಲ್ಲ! ಮರುದಿನ ಕಾಲೇಜಿಗೆ ರಜೆ ಹಾಕಬೇಕಾಯಿತು. ಕಾರಣ ಏನೆಂದು ಹೇಳಲಿ? ವಿಮಾನ ತಡವಾಯಿತು ಎನ್ನಲೇ? ಶಿಗ್ಗಾಂವಿಯಲ್ಲಿ ಅದನ್ನು ನಂಬುವವರು ಯಾರು?

ನಾನು ಕೈಮುಗಿದು ಯುದ್ಧದಿಂದ ನಿವೃತ್ತಳಾದೆ. ಮಾವ ಬಿಟ್ಟಾರೆಯೇ? ನನ್ನ ವಿಮಾನವನ್ನು ಹಾರಾಡುತ್ತಿದ್ದ ಜಾಗದಲ್ಲೇ ಇನ್ನೊಬ್ಬರಿಗೆ ವಹಿಸಿಕೊಟ್ಟರು. ಯಾರಿಗೆ? ಚಿಕ್ಕೇರೂರಿನ ಬೀಗರಿಗೆ, ಅಂದರೆ ತಮ್ಮ ಮಗಳ ಮಾವನಿಗೆ!

ಸುದ್ದಿ ಕೇಳಿ ನನಗೆ ದಿಗಿಲಾಯಿತು. ಯಾಕೆಂದರೆ ಬೀಗರು ಮಾವನ ತದ್ವಿರುದ್ಧ. ಮಿಂಚಿನಂಥ ಮನುಷ್ಯ. ಪಂಕ್ತಿಯಲ್ಲಿ ಅವರು ಉಂಡು ಕೈ ತೊಳೆದ ಮೇಲೆ ಪಕ್ಕದವರ ಎಲೆಗೆ ಸಾರು ಬರುತ್ತಿತ್ತು. ನೀವು ಕೇಳುವ ಪ್ರಶ್ನೆ ಅರ್ಧಕ್ಕೆ ಬರುವಷ್ಟರಲ್ಲಿ ಅವರ ಉತ್ತರ ಮುಗಿದಿರುತ್ತಿತ್ತು. ಇಂಥವರು ನಮ್ಮ ಮಾವನ ಎದುರು ಕುಳಿತರೆ ನಿಜವಾದ ಯುದ್ಧವೇ ಆದೀತು, ಹುಡುಗಿಯ ಸಂಸಾರದ ಗತಿಯೇನು ಎಂದು ಹೆದರಿದೆ. ಆದರೆ ಬೀಗರಿಗೆ ಇನ್ನೊಂದು ಗುಣವಿತ್ತು: ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟರೆ ಅವರಿಗೆ ನಿದ್ದೆ ಬಾರದು. ಹೀಗಾಗಿ, ಇವತ್ತು ಮುಗಿಸಿಯೇ ಬಿಡುತ್ತೇನೆ ಎಂದು ವಾರವಾರವೂ ಬಸ್ಸು ಹತ್ತಿ ಬರತೊಡಗಿದರು.

ಆ ನಡುವೆ ನಾನೊಮ್ಮೆ ಅಕ್ಕಿಆಲೂರಿಗೆ ಹೋದೆ. ಹೊಸ್ತಿಲು ದಾಟುತ್ತಿರುವಾಗಲೇ ಅಡುಗೆಮನೆಯಿಂದ ಅತ್ತೆಯ ಕೂಗು ಕೇಳಿತು:

"ಯಾರರೆ ಒಬ್ರು ಸಾಯ್ರಿ! ರೊಟ್ಟಿ ತಣ್ಣಗಾಗಾಕತ್ತಾವು!"

ಕೈಯಲ್ಲಿದ್ದ ಚೀಲ ಅಲ್ಲೇ ಬಿಟ್ಟೆ. ಪಡಸಾಲೆಗೆ ಓಡಿದರೆ ಅಲ್ಲಿ ಮೇಜಿಗೆ ಸೊಳ್ಳೆಪರದೆ ಕಟ್ಟಿದೆ! ಬೆಕ್ಕು ಹಾರಿ ವಿಮಾನ ಉರುಳಿಸಬಾರದೆಂದು ಮಾಡಿದ ಏರ್ಪಾಡಂತೆ. ಪರದೆಯ ಒಂದು ಅಂಚನ್ನು ಎತ್ತಿ ಇಬ್ಬರು ಹಿರಿಯರು ಒಳಗೆ ತಲೆ ತೂರಿಸಿ ಕುಳಿತಿದ್ದರು.

"ಬೀಗ್ರ, ನಿಮ್ಮ ವಿಮಾನ ನಮ್ಮ ಗುರಿಗೆ ಬಂದೈತಿ," ಎಂದರು ಮಾವ, ಯಾರದೋ ಸಾವಿನ ಸುದ್ದಿ ಹೇಳುವವರ ಧ್ವನಿಯಲ್ಲಿ.

"ಬಂದಿದ್ರ ಹೊಡೀರಿ!"

"ಛೆ, ಛೆ. ಮಗಳನ್ನ ಕೊಟ್ಟ ಮನಿ ಅದು. ನಿಮಗ ಹೆಂಗ ಗುಂಡ ಹಾಕೂದ್ರಿ? ಸ್ವಲ್ಪ ಬಾಜೂಕ ಸರೀರಿ."

"ಯುದ್ಧದಾಗ ಎಂಥಾ ಬೀಗತನರಿ! ಹೊಡೀರಿ ಅಂತೇನಿ, ಹಸಿವಿ ಆಗೇತಿ!"

"ಹಂಗಾರ ವಿಚಾರ ಮಾಡ್ತೇನಿ," ಎಂದು ಮಾವ ವಿಚಾರಕ್ಕೆ ಕುಳಿತರು. ಬೀಗರು ಕುಳಿತಲ್ಲೇ ಒಂದು ನಿದ್ದೆ ತೆಗೆದರು. ಅವರು ಎದ್ದಾಗ ಮಾವ ದಾಳ ಉರುಳಿಸಿದ್ದರು. ಗುರಿ ತಪ್ಪಿತ್ತು. ಇಬ್ಬರ ಮುಖದಲ್ಲೂ ಅಂಥ ಸಮಾಧಾನ!

ಹೀಗೆಯೇ ನಡೆದೀತು ಎಂದುಕೊಂಡಿದ್ದೆವು. ಆದರೆ ಗಣೇಶನ ಹಬ್ಬ ಕಳೆದ ಕೆಲವು ದಿನಕ್ಕೆ ಅತ್ತೆಯ ಫೋನು ಬಂತು. ಬೀಗರಿಗೆ ಲಕ್ವ ಹೊಡೆದು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ್ದರು. ಜೀವಕ್ಕೆ ಅಪಾಯವಿರಲಿಲ್ಲ, ಬಲಗೈ ಬಿದ್ದಿತ್ತು, ಮಾತು ನಿಂತಿತ್ತು. ಮಾತು ನಿಂತದ್ದು ಯಾರದು? ಆ ಮಿಂಚಿನದು! ನನಗೆ ನಂಬಲಾಗಲಿಲ್ಲ. ಅತ್ತೆ ಫೋನಿನಲ್ಲೇ ಬಿಕ್ಕಿದರು. "ನನ್ನ ಬಾಯಿ ಸುಡ್ಲಿ ತಂಗಿ, ಸಾಯ್ರಿ ಸಾಯ್ರಿ ಅಂತಿದ್ದೆ ನೋಡು."

ಬೀಗರು ಚಿಕ್ಕೇರೂರಿಗೆ ಮರಳಿದರು. ಮಾವನ ಮಗಳು ಅವರನ್ನು ಮಗುವಿನಂತೆ ನೋಡಿಕೊಂಡಳು. ಮಾತು ಚೂರುಚೂರೇ ಬರತೊಡಗಿತ್ತಂತೆ, ಆದರೆ ಅವರೇ ಈಗೀಗ ಬಾಯಿ ತೆರೆಯುವುದನ್ನು ಬಿಟ್ಟಿದ್ದಾರೆ, ಗೋಡೆ ನೋಡುತ್ತ ಮಲಗುತ್ತಾರೆ ಎಂದಳು. ಇತ್ತ ಅಕ್ಕಿಆಲೂರಿನಲ್ಲಿ, ಇನ್ನಾದರೂ ಮೇಜು ಖಾಲಿ ಮಾಡಿ ಎಂದು ಎಲ್ಲರೂ ಹೇಳಿದೆವು. ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಪರದೆಯೊಳಗೆ ಎರಡು ವಿಮಾನಗಳೂ ಇದ್ದಲ್ಲೇ ಇದ್ದವು.

ದೀಪಾವಳಿಗೆ ಮಗಳು ಬೀಗರನ್ನು ಕರೆದುಕೊಂಡು ತವರಿಗೆ ಬಂದಳು. ನಾನೂ ಹೋಗಿದ್ದೆ. ಬೀಗರನ್ನು ಕೈಹಿಡಿದು ಕಾರಿನಿಂದ ಇಳಿಸಿದೆವು. ಅರ್ಧ ಮನುಷ್ಯ ಆಗಿದ್ದರು. ಎಲ್ಲರೂ ಒಟ್ಟಿಗೇ ಗದ್ದಲವೆಬ್ಬಿಸಿದೆವು: ಹೆಂಗ ಅದೀರಿ, ಕುಂದರ್ರಿ, ನೀರ ಬೇಕೇನ್ರಿ, ದಿಂಬು ಕೊಡ್ಲೇನ್ರಿ! ಅವರ ತುಟಿ ಅಲುಗುವುದರೊಳಗೆ ನಮ್ಮಲ್ಲೊಬ್ಬರು ಉತ್ತರವನ್ನೂ ಹೇಳಿ ಮುಗಿಸುತ್ತಿದ್ದೆವು.

ಮಾವ ಮಾತ್ರ ಏನೂ ಕೇಳಲಿಲ್ಲ. ಬೀಗರನ್ನು ಮೇಜಿನ ಎದುರು ಕೂರಿಸಿ ಸೊಳ್ಳೆಪರದೆ ಎತ್ತಿದರು. ಒಂದೇ ಕೈಯಲ್ಲಿ ಅಷ್ಟು ಕಾರ್ಡು ಹಿಡಿಯುವುದು ಹೇಗೆ? ಒಳಗೆ ಹೋಗಿ ಒಂದು ಬೋಗುಣಿಯ ತುಂಬ ಅಕ್ಕಿ ತಂದು, ಬೀಗರ ಕಾರ್ಡುಗಳನ್ನು ಅಕ್ಕಿಯಲ್ಲಿ ಸಾಲಾಗಿ ನೆಟ್ಟು, ತಮಗೆ ಕಾಣದಂತೆ ಆ ಕಡೆ ತಿರುಗಿಸಿಟ್ಟರು. ಆಮೇಲೆ ಕುಳಿತು, ಕಾದರು.

ಅತ್ತೆ ಚಹಾ ತಂದರು. ಮಗಳು ಲೋಟ ಹಿಡಿದು ಬೀಗರಿಗೆ ಒಂದು ಗುಟುಕು ಕುಡಿಸಿದಳು. ಬೀಗರು ಮುಖ ಕಿವುಚಿ, "ಸ… ಸ…" ಎಂದರು.

"ಸಾಕಂತ," ಎಂದು ಮಗಳು ಲೋಟ ಹಿಂದಕ್ಕೆ ತೆಗೆದಳು. "ಮನ್ಯಾಗೂ ಹಿಂಗ. ಒಂದ ಗುಟಕ ಕುಡದ ಮ್ಯಾಲ ಸಾಕ ಅಂದ್ಬಿಡ್ತಾರ. ಏನೂ ಸೇರವೊಲ್ದು ಅವ್ರಿಗೆ."

ಬೀಗರ ಎಡಗೈ ಮೇಜನ್ನು ಹಿಡಿಯಿತು. "ಸ… ಸ…"

"ಹೂಂ ರಿ, ಸಾಕು ಸಾಕು, ಒಯ್ತಾಳ ತಡೀರಿ," ಎಂದೆ ನಾನು.

"ಸುಮ್ನಿರ್ರೀ ಎಲ್ಲಾರೂ!"

ಬೆಚ್ಚಿಬಿದ್ದೆವು. ಕೂಗಿದ್ದು ಮಾವ! ಅವರ ಧ್ವನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ಅತ್ತೆಯೂ ತಮ್ಮ ಜನ್ಮದಲ್ಲಿ ಕೇಳಿರಲಿಲ್ಲ. ಲೋಟ ಹಿಡಿದ ಮಗಳು ನಿಂತಲ್ಲೇ ನಿಂತಳು.

"ಅವರ ಪಾಳಿ ಐತಿ," ಎಂದರು ಮಾವ, ಮತ್ತೆ ಎಂದಿನ ಧ್ವನಿಯಲ್ಲಿ. "ನಡುವ ಯಾರೂ ಬಾಯಿ ಹಾಕಬ್ಯಾಡ್ರಿ."

ಆಮೇಲೆ ನಾವು ಸುಮ್ಮನೆ ನಿಂತದ್ದು ಎಷ್ಟು ಹೊತ್ತೋ! ಬೀಗರ ತುಟಿ ಸೊಟ್ಟಗಾಯಿತು, ಕೊರಳಿನ ನರ ಉಬ್ಬಿತು, ಹಣೆಯ ಮೇಲೆ ಬೆವರೊಡೆಯಿತು. ನನ್ನ ನಾಲಿಗೆಯ ತುದಿಗೆ ಹತ್ತು ಮಾತು ಬಂದವು, ಕಚ್ಚಿ ಹಿಡಿದೆ. ಮಾವ ಮಾತ್ರ ಅವರ ಮುಖವನ್ನೇ ನೋಡುತ್ತ, ಜಗತ್ತಿನ ಹೊತ್ತೆಲ್ಲ ತಮ್ಮ ಜೇಬಿನಲ್ಲೇ ಇದೆ ಎಂಬಂತೆ ಕುಳಿತಿದ್ದರು.

"ಸ… ಸಕ್… ಸಕ್ರಿ," ಎಂದರು ಬೀಗರು. ಉಸಿರು ತೆಗೆದುಕೊಂಡು, "ಸಕ್ರಿ… ಇಲ್ಲ… ಚಾದಾಗ!"

ಮಗಳ ಮುಖದ ಬಣ್ಣವೇ ಹಾರಿಹೋಯಿತು. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಷ್ಟೇ ಹೇಳಿದ್ದರಂತೆ. ಹೆದರಿದ ಮನೆಯವರು ಸಕ್ಕರೆಯನ್ನೂ ನಿಲ್ಲಿಸಿದ್ದರು. ಬರುವಾಗ ಅವಳೇ ನಮ್ಮ ಅತ್ತೆಗೂ ಹಾಗೆಯೇ ಹೇಳಿದ್ದಳು. ಆಸ್ಪತ್ರೆಯಿಂದ ಬಂದಂದಿನಿಂದ ಆ ಮನುಷ್ಯ ಎರಡು ಹೊತ್ತೂ ಸಕ್ಕರೆ ಕೇಳಿದ್ದಾರೆ, ಎರಡು ಹೊತ್ತೂ ಮನೆಯವರು ಪ್ರೀತಿಯಿಂದ ಲೋಟ ಕಸಿದಿದ್ದಾರೆ! ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು, ನಡುವೆಯೇ ನಕ್ಕಳು, ಮತ್ತೆ ಅತ್ತಳು. ಅತ್ತೆ ಸಕ್ಕರೆಯ ಡಬ್ಬಿಯನ್ನೇ ತಂದು ಮೇಜಿನ ಮೇಲೆ, ಆಕಾಶದ ನಟ್ಟನಡುವೆ, ಕುಕ್ಕಿದರು. ಮಾವ ತಮ್ಮ ವಿಮಾನದ ಕಡೆ ನೋಡಲೂ ಇಲ್ಲ.

ಬೀಗರು ಎಡಗೈಯಲ್ಲಿ ತಾವೇ ಲೋಟ ಹಿಡಿದು, ಅಂಗಿಯ ಮೇಲೆ ಒಂದಿಷ್ಟು ಚೆಲ್ಲಿಕೊಂಡು, ತಳದ ಸಕ್ಕರೆಯವರೆಗೂ ಕುಡಿದರು. ಮಾವ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡರು.

"ಮತ್ತೇನ ಹೇಳೂದಿತ್ತರಿ ಬೀಗ್ರ?" ಎಂದರು. "ಸಾವಕಾಶ ಹೇಳ್ರಿ."

ಬೀಗರಿಗೆ ಹೇಳುವುದು ಬಹಳ ಇತ್ತು. ನಾವು ಚಾಪೆ ಹಾಸಿ, ಗೋಡೆಗೆ ಒರಗಿ ಕುಳಿತೆವು.